ಕರುಳಿಗೆ ಗಡಿಯಾರ ಕಟ್ಟಿದವರು

ಸಾಹಿತ್ಯಾಸಕ್ತರ ಓಲೆಯಲ್ಲಿ ಮಲಬದ್ಧತೆಯ ಮಾತೇ ಎಂದು ಕೆಲವರಾದರೂ ಹುಬ್ಬೇರಿಸಿಯಾರು. ಆದರೆ ಕರುಳನ್ನು ಸಾಹಿತ್ಯಕ್ಕೆ ಕರೆತಂದವರು ನಾವಲ್ಲ, ನಮ್ಮ ಭಾಷೆಯೇ. ಮಕ್ಕಳು ನಮಗೆ ಕರುಳಿನ ಕುಡಿಗಳು. ಅಮ್ಮನದು ಹೆತ್ತ ಕರುಳು. ಬೇರೆಯವರ ಕಷ್ಟ ಕಂಡರೆ ನಮ್ಮ ಕರುಳು ಚುರುಕ್ಕೆನ್ನುತ್ತದೆ. ಇಷ್ಟೆಲ್ಲ ಭಾವನೆಗಳ ಹೊರೆ ಹೊತ್ತ ಆ ಅಂಗ ತನ್ನ ಸ್ವಂತ ಕೆಲಸದಲ್ಲಿ ತಡವರಿಸಿದರೆ ಮಾತ್ರ ನಾವು ದನಿ ತಗ್ಗಿಸುತ್ತೇವೆ. "ಹೊರಕಡೆ ಸರಿಯಾಗಿ ಆಗ್ತಿಲ್ಲ" ಎಂದು ಗೋಡೆ ನೋಡುತ್ತ ಹೇಳುತ್ತೇವೆ. ಊರಿನಿಂದ ಕೆಲವು ತಿಂಗಳಿಗೆಂದು ಇಲ್ಲಿಗೆ ಬರುವ ಅಪ್ಪ ಅಮ್ಮಂದಿರ ಪೆಟ್ಟಿಗೆಯಲ್ಲಿ ಚಟ್ನಿಪುಡಿ, ಹಪ್ಪಳಗಳ ಪಕ್ಕದಲ್ಲಿ ಇಸಬ್‌ಗೋಲಿನ ಡಬ್ಬಿಯೂ ಇರುವುದನ್ನು ನಮ್ಮಲ್ಲಿ ಬಹಳ ಜನ ಕಂಡಿದ್ದೇವೆ. ಅದರ ಬಗ್ಗೆ ತಮಾಷೆ ಮಾಡಿಕೊಂಡು ನಕ್ಕಿದ್ದೇವೆ. ಕೂತು ಮಾತಾಡಿದ್ದು ಕಡಿಮೆ.

ಈ ಮೌನದ ಪಕ್ಕದಲ್ಲೇ ಒಂದು ಸ್ವಾರಸ್ಯವಾದ ಚರಿತ್ರೆ ಇದೆ. ತಿಂದದ್ದು ಹೊರಗೆ ಬರಲು ಎಷ್ಟು ಹೊತ್ತು ಹಿಡಿಯುತ್ತದೆ? ಮಕ್ಕಳು ಕೇಳುವಂಥ ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಗಲು ವೈದ್ಯಲೋಕಕ್ಕೆ ಸಾವಿರಾರು ವರ್ಷ ಬೇಕಾಯಿತು. ಉತ್ತರ ಹುಡುಕಿದವರಲ್ಲಿ ಅನೇಕರು ನಾವೀಗ ಮನೆ ಮಾಡಿಕೊಂಡಿರುವ ಈ ಇಂಗ್ಲೆಂಡಿನಲ್ಲಿ ಕೆಲಸ ಮಾಡಿದವರು. ಅಳತೆ ಇಲ್ಲದ ಕಾಲದಲ್ಲಿ ಒಂದು ಸಿದ್ಧಾಂತವನ್ನು ನಂಬಿ ಜನ ತಮ್ಮ ಕರುಳನ್ನೇ ಕತ್ತರಿಸಿಕೊಂಡರು. ಅಳತೆ ಬಂದ ಮೇಲೆ, ಗಡಿಯಾರದ ಮಾತೊಂದನ್ನೇ ಕೇಳಿದರೂ ಸಾಲದು, ನರಳುವವರ ಮಾತನ್ನೂ ಕೇಳಬೇಕು ಎಂದು ಗೊತ್ತಾಗಲು ಇನ್ನಷ್ಟು ವರ್ಷಗಳು ಹಿಡಿದವು. ಈ ಎರಡು ಪಾಠಗಳ ಕತೆಯನ್ನು ಇಲ್ಲಿ ಹೇಳಹೊರಟಿದ್ದೇವೆ.

ಮೊದಲು ಔಷಧ, ಆಮೇಲೆ ಅಳತೆ

ಔಷಧಕ್ಕೆ ಎಂದೂ ಬರವಿರಲಿಲ್ಲ. ಕ್ರಿಸ್ತಪೂರ್ವ 1550ರ ಸುಮಾರಿಗೆ ಈಜಿಪ್ಟಿನಲ್ಲಿ ಬರೆದಿಟ್ಟ 'ಎಬರ್ಸ್ ಪ್ಯಾಪಿರಸ್' ಎಂಬ ವೈದ್ಯಗ್ರಂಥದಲ್ಲೇ ಹರಳಿನ ಪ್ರಸ್ತಾಪ ಬರುತ್ತದೆ. ಅದೇ ಹರಳೆಣ್ಣೆಯನ್ನು ನಮ್ಮ ಅಜ್ಜಿಯರು ಮಕ್ಕಳ ಮೂಗು ಹಿಡಿದು ಕುಡಿಸಿದರು. ಅರಬ್ಬರ ವೈದ್ಯದಿಂದ ಯೂರೋಪಿಗೆ ಹೋದ ಸೋನಾಮುಖಿ ಎಲೆ ಅಲ್ಲಿಯೂ ಮನೆಮಾತಾಯಿತು. ತಮಿಳುನಾಡಿನ ತಿರುನೆಲ್ವೇಲಿಯಿಂದ ಬಂದ ಸೋನಾಮುಖಿಯನ್ನು ಬ್ರಿಟನ್ನಿನ ಔಷಧ ವ್ಯಾಪಾರಿಗಳು 'ಟಿನವೆಲ್ಲಿ ಸೆನ್ನಾ' ಎಂದು ಊರ ಹೆಸರಿನಿಂದಲೇ ಕರೆದರು. ಇನ್ನು ಇಸಬ್‌ಗೋಲ್ ಎಂಬುದು ಪಾರಸಿ ಮೂಲದ ಮಾತು. ಬೀಜದ ಆಕಾರ ಕಂಡು ಇಟ್ಟ ಆ ಹೆಸರಿಗೆ 'ಕುದುರೆ ಕಿವಿ' ಎಂದರ್ಥ.

ಇವುಗಳಲ್ಲಿ ಹೆಚ್ಚಿನವು ಕೆಲಸ ಮಾಡುತ್ತಿದ್ದವು. ಆದರೆ ಯಾರಿಗೆ ಯಾವುದು, ಎಷ್ಟು, ಏಕೆ ಎಂದು ಕೇಳಿದರೆ ಉತ್ತರವಿರಲಿಲ್ಲ. ಯಾಕೆಂದರೆ ಮಲಬದ್ಧತೆ ಎಂದರೆ ಏನೆಂಬುದಕ್ಕೇ ಅಳತೆಗೋಲಿರಲಿಲ್ಲ. ಬೆಳಗಾದರೆ ಒಮ್ಮೆ ಆಗಲೇಬೇಕು, ಆಗದಿದ್ದರೆ ಏನೋ ಕೆಟ್ಟಿತು ಎಂಬ ನಂಬಿಕೆಯೇ ಅಳತೆಯಾಗಿತ್ತು.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಆ ನಂಬಿಕೆಗೆ ವಿಜ್ಞಾನದ ವೇಷ ಬಂತು. ಸೂಕ್ಷ್ಮಜೀವಿಗಳು ರೋಗ ತರುತ್ತವೆ ಎಂದು ಆಗಷ್ಟೇ ತಿಳಿದಿತ್ತು. ದೊಡ್ಡ ಕರುಳಿನ ತುಂಬ ಅವೇ ಇರುವುದೂ ಕಂಡಿತು. ಅಲ್ಲಿ ನಿಂತ ಮಲ ಕೊಳೆತು, ವಿಷ ರಕ್ತಕ್ಕೆ ಸೇರಿ, ತಲೆನೋವಿನಿಂದ ಹಿಡಿದು ಮುಪ್ಪಿನವರೆಗೆ ಎಲ್ಲಕ್ಕೂ ಕಾರಣವಾಗುತ್ತದೆ ಎಂಬ ವಾದ ಹುಟ್ಟಿತು. ಪ್ಯಾರಿಸ್ಸಿನ ಶಾರ್ಲ್ ಬೂಶಾರ್ ಇದನ್ನು 'ಸ್ವಯಂ ವಿಷಪ್ರಾಶನ' ಎಂಬ ಅರ್ಥದ ಹೆಸರಿನಿಂದ ಪ್ರಚಾರಕ್ಕೆ ತಂದರು. 1908ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಇಲ್ಯಾ ಮೆಚ್ನಿಕಾಫ್ ದೊಡ್ಡ ಕರುಳೇ ಮನುಷ್ಯನಿಗೆ ಬೇಡದ ಹೊರೆ ಎಂದು ಬರೆದರು. ಪರಿಹಾರವಾಗಿ ಅವರು ಹೇಳಿದ್ದು ಹುಳಿ ಮೊಸರು. ಅಷ್ಟಕ್ಕೇ ನಿಂತಿದ್ದರೆ ನಮ್ಮ ಮೊಸರನ್ನದ ಮನೆಗಳಿಂದ ಯಾರೂ ತಕರಾರು ಮಾಡುತ್ತಿರಲಿಲ್ಲ.

ಗೈಸ್ ಆಸ್ಪತ್ರೆಯ ಇಬ್ಬರು

ಅಷ್ಟಕ್ಕೆ ನಿಲ್ಲಲಿಲ್ಲ. ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ಸರ್ ವಿಲಿಯಂ ಆರ್ಬತ್‌ನಾಟ್ ಲೇನ್ ಎಂಬ ಶಸ್ತ್ರವೈದ್ಯರಿದ್ದರು. ಕೈಚಳಕದಲ್ಲಿ ಅವರಿಗೆ ಸರಿಸಾಟಿ ಕಡಿಮೆ. ಮುರಿದ ಮೂಳೆಗೆ ಲೋಹದ ಪಟ್ಟಿ ಕೂಡಿಸುವ ವಿದ್ಯೆಯಲ್ಲಿ ಅವರ ಹೆಸರು ಇಂದಿಗೂ ದೊಡ್ಡದು. ಮನುಷ್ಯ ಎರಡು ಕಾಲ ಮೇಲೆ ನಿಂತದ್ದರಿಂದ ಕರುಳು ಜೋತುಬಿದ್ದು ಅಲ್ಲಲ್ಲಿ ಮಡಚಿಕೊಳ್ಳುತ್ತದೆ, ಅಲ್ಲಿ ಮಲ ನಿಂತು ವಿಷವಾಗುತ್ತದೆ ಎಂಬುದು ಅವರ ಅಚಲ ನಂಬಿಕೆ. ಮೊದಮೊದಲು ದೊಡ್ಡ ಕರುಳನ್ನು ಬಳಸಿಹೋಗುವಂತೆ ಅಡ್ಡದಾರಿ ಹೊಲಿದರು. ಆಮೇಲೆ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯತೊಡಗಿದರು. ಅವರ ಮೇಜಿನ ಮೇಲೆ ಮಲಗಿದವರಲ್ಲಿ ಹೆಂಗಸರೇ ಹೆಚ್ಚು. ದಣಿವು, ತಲೆನೋವು, ಮನಸ್ಸಿನ ಬೇಸರ ಎಲ್ಲಕ್ಕೂ ಅದೇ ಚಿಕಿತ್ಸೆ. ಕೆಲವರು ಸುಧಾರಿಸಿದೆವು ಎಂದರು. ಕೆಲವರು ಆಸ್ಪತ್ರೆಯಿಂದ ಮನೆಗೆ ಮರಳಲೇ ಇಲ್ಲ.

ಬರ್ನಾರ್ಡ್ ಶಾ 1906ರಲ್ಲಿ ರಂಗಕ್ಕೆ ತಂದ 'ದಿ ಡಾಕ್ಟರ್ಸ್ ಡೈಲೆಮಾ' ನಾಟಕ ನಮ್ಮ ಬಳಗದ ಹಲವರಿಗೆ ಗೊತ್ತು. ಅದರಲ್ಲಿ ಕಟ್ಲರ್ ವಾಲ್‌ಪೋಲ್ ಎಂಬ ಶಸ್ತ್ರವೈದ್ಯ, ಎಲ್ಲ ಕಾಯಿಲೆಗೂ ರಕ್ತ ವಿಷವಾದದ್ದೇ ಕಾರಣವೆಂದು ಸಾಧಿಸಿ, ಮನುಷ್ಯದೇಹದಲ್ಲಿ ಇಲ್ಲವೇ ಇಲ್ಲದ ಒಂದು ಚೀಲವನ್ನು ಕಂಡಕಂಡವರಿಂದ ಕತ್ತರಿಸಿ ತೆಗೆಯುತ್ತಾನೆ. ಇದು ಲೇನರನ್ನು ಕಂಡೇ ಬರೆದದ್ದು ಎನ್ನುವವರಿದ್ದಾರೆ. ಹೌದೋ ಅಲ್ಲವೋ, ಆ ಕಾಲದ ಗಾಳಿ ಹೇಗಿತ್ತೆಂಬುದಕ್ಕೆ ಅದೊಂದು ಸಾಕ್ಷಿ.

ಆ ಗಾಳಿ ಜೊಹಾನ್ಸ್‌ಬರ್ಗಿಗೂ ಬೀಸಿತ್ತು. ಅಲ್ಲಿದ್ದ ಬ್ಯಾರಿಸ್ಟರ್ ಗಾಂಧಿಯವರು ತಮ್ಮ ಮಲಬದ್ಧತೆಯ ಬಗ್ಗೆ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಮ್ಯಾಂಚೆಸ್ಟರಿನಲ್ಲಿ 'ಬೆಳಗಿನ ತಿಂಡಿ ಬಿಡುವವರ ಸಂಘ' ಹುಟ್ಟಿದೆ ಎಂದು ಓದಿ ತಾವೂ ತಿಂಡಿ ಬಿಟ್ಟರು. ತಲೆನೋವು ಹೋಯಿತು, ಮಲಬದ್ಧತೆ ಹೋಗಲಿಲ್ಲ. ಕಡೆಗೆ ಅಡಾಲ್ಫ್ ಜಸ್ಟ್ ಎಂಬ ಜರ್ಮನ್ನರ ಪುಸ್ತಕ ಓದಿ, ಒದ್ದೆ ಮಣ್ಣನ್ನು ಬಟ್ಟೆಯಲ್ಲಿ ಹರಡಿ ರಾತ್ರಿ ಹೊಟ್ಟೆಯ ಮೇಲೆ ಕಟ್ಟಿಕೊಂಡು ಮಲಗಿದರು. ಲೇನರ ಕತ್ತಿಗಿಂತ ಗಾಂಧಿಯವರ ಮಣ್ಣಿನ ಪಟ್ಟಿ ಸಾವಿರಪಾಲು ಲೇಸು ಎಂದು ಇಂದು ನಾವು ಧೈರ್ಯವಾಗಿ ಹೇಳಬಹುದು.

ಲೇನರಿಗೆ ಉತ್ತರ ಸಿಕ್ಕಿದ್ದು ಅವರದೇ ಆಸ್ಪತ್ರೆಯ ಇನ್ನೊಬ್ಬ ವೈದ್ಯರಿಂದ. ಆದರೆ ಅದಕ್ಕೆ ಮೊದಲು ಅಟ್ಲಾಂಟಿಕ್ಕಿನ ಆಚೆ ಒಂದು ಘಟನೆ ನಡೆಯಬೇಕಿತ್ತು. ರಾಂಟ್‌ಗೆನ್ ಎಕ್ಸ್‌ರೇ ಕಂಡುಹಿಡಿದ ಮರುವರ್ಷ, 1896ರ ಡಿಸೆಂಬರಿನಲ್ಲಿ, ಹಾರ್ವರ್ಡಿನಲ್ಲಿ ವಾಲ್ಟರ್ ಕ್ಯಾನನ್ ಎಂಬ ವೈದ್ಯವಿದ್ಯಾರ್ಥಿ ಒಂದು ನಾಯಿಗೆ ಮುತ್ತಿನ ಚಿಪ್ಪಿನ ಗುಂಡಿ ನುಂಗಿಸಿ, ಅದು ಅನ್ನನಾಳದಲ್ಲಿ ಇಳಿಯುವುದನ್ನು ಎಕ್ಸ್‌ರೇಯಲ್ಲಿ ನೋಡಿದರು. ಮುಂದೆ ಬೆಕ್ಕುಗಳ ಆಹಾರದಲ್ಲಿ ಬಿಸ್ಮತ್ ಪುಡಿ ಬೆರೆಸಿ, ಜಠರ ಮತ್ತು ಕರುಳು ಕೆಲಸ ಮಾಡುವುದನ್ನು ಕಣ್ಣಾರೆ ಕಂಡರು. ಹೊಟ್ಟೆ ಕೊಯ್ಯದೆ ಒಳಗಿನ ಪಯಣ ಕಾಣಿಸಿದ್ದು ಅದೇ ಮೊದಲು.

ಗೈಸ್ ಆಸ್ಪತ್ರೆಯ ಆರ್ಥರ್ ಹರ್ಸ್ಟ್ ಇದನ್ನು ಮನುಷ್ಯರಿಗೆ ತಂದರು. ಹುಟ್ಟುಹೆಸರು ಹರ್ಟ್ಸ್, ಮೊದಲ ಮಹಾಯುದ್ಧದ ನಡುವೆ, 1916ರಲ್ಲಿ, ಜರ್ಮನ್ ವಾಸನೆಯ ಆ ಹೆಸರನ್ನು ಬದಲಿಸಿಕೊಂಡರು. ಬಿಸ್ಮತ್ ಬೆರೆಸಿದ ಊಟ ಕೊಟ್ಟು ಗಂಟೆಗಂಟೆಗೂ ಎಕ್ಸ್‌ರೇಯಲ್ಲಿ ನೋಡಿ ಅವರು ಬರೆದಿಟ್ಟ ವೇಳಾಪಟ್ಟಿ ರೈಲ್ವೆಯ ವೇಳಾಪಟ್ಟಿಯಂತಿದೆ. ಊಟ ದೊಡ್ಡ ಕರುಳಿನ ಬಾಗಿಲಿಗೆ ಬರುವುದು ಸುಮಾರು ನಾಲ್ಕೂವರೆ ಗಂಟೆಗೆ; ಬಲಗಡೆ ಯಕೃತ್ತಿನ ಕೆಳಗಿನ ತಿರುವಿಗೆ ಸುಮಾರು ಆರೂವರೆಗೆ; ಎಡಗಡೆ ಗುಲ್ಮದ ಬಳಿಯ ತಿರುವಿಗೆ ಸುಮಾರು ಒಂಬತ್ತಕ್ಕೆ. 1909ರಲ್ಲಿ ಮಲಬದ್ಧತೆಯ ಬಗ್ಗೆಯೇ ಅವರ ಪುಸ್ತಕ ಬಂತು.

ಆ ಪುಸ್ತಕದ ದೊಡ್ಡ ಕಾಣಿಕೆ ಒಂದು ಭೇದ. ಎಲ್ಲರ ಮಲಬದ್ಧತೆಯೂ ಒಂದೇ ಅಲ್ಲ ಎಂದರು ಹರ್ಸ್ಟ್. ಕೆಲವರಲ್ಲಿ ದಾರಿಯುದ್ದಕ್ಕೂ ಗಾಡಿ ನಿಧಾನ. ಇನ್ನು ಕೆಲವರಲ್ಲಿ ಗಾಡಿ ಹೊತ್ತಿಗೆ ಸರಿಯಾಗಿ ಬಂದು ಕಡೆಯ ಗೇಟಿನಲ್ಲಿ ಸಿಕ್ಕಿಕೊಂಡಿರುತ್ತದೆ. ಈ ಎರಡನೆಯದಕ್ಕೆ ಅವರು 'ಡಿಸ್‌ಕೀಸಿಯಾ' ಎಂಬ ಹೆಸರು ಕೊಟ್ಟರು. ಮೂರನೆಯ ಗುಂಪೂ ಒಂದಿತ್ತು: ಕರುಳು ಸರಿಯಾಗಿಯೇ ಇದ್ದು, ಹೆದರಿಕೆಯಿಂದ ದಿನವೂ ಭೇದಿಗೆ ತೆಗೆದುಕೊಂಡು ಹೊಟ್ಟೆ ಕೆಡಿಸಿಕೊಂಡವರು. 1922ರ ಅವರ ಉಪನ್ಯಾಸವೊಂದರ ತಲೆಬರಹವನ್ನು ಕನ್ನಡದಲ್ಲಿ 'ದೊಡ್ಡ ಕರುಳಿನ ಪಾಪಗಳು ಮತ್ತು ದುಃಖಗಳು' ಎನ್ನಬಹುದು. ಪಾಪವೆಲ್ಲ ಕರುಳಿನದಲ್ಲ, ನಾವು ಅದಕ್ಕೆ ಕೊಡುವ ಕಾಟವೇ ಅದರ ದುಃಖ ಎಂಬ ನಿಲುವು ಅವರದು.

ವಿಷದ ಸಿದ್ಧಾಂತಕ್ಕೆ ಕೊನೆಯ ಪೆಟ್ಟು ಬಿದ್ದದ್ದು ಅಮೆರಿಕದಲ್ಲಿ. ವಾಲ್ಟರ್ ಆಲ್ವಾರೆಜ್ 1919ರಲ್ಲಿ ಒಂದು ಸರಳ ಪ್ರಶ್ನೆ ಕೇಳಿದರು. ಮಲವಿಸರ್ಜನೆಯಾದ ಕೆಲವೇ ನಿಮಿಷಗಳಲ್ಲಿ ತಲೆಭಾರ, ಮಂಕು ಇಳಿದುಬಿಡುತ್ತದಲ್ಲ. ವಿಷ ರಕ್ತದಲ್ಲಿದ್ದರೆ ಅಷ್ಟು ಬೇಗ ಹೋಗುವುದೆಲ್ಲಿಗೆ? 1922ರಲ್ಲಿ ಡೊನಾಲ್ಡ್‌ಸನ್ ಎಂಬವರು ಆರೋಗ್ಯವಂತರ ಗುದನಾಳದಲ್ಲಿ ಬರೀ ಹತ್ತಿ ತುಂಬಿ ನೋಡಿದರು. ಹತ್ತಿಯಲ್ಲಿ ಯಾವ ವಿಷವೂ ಇಲ್ಲ. ಆದರೂ ಅದೇ ತಲೆಭಾರ, ಅದೇ ಕಿರಿಕಿರಿ. ಎಂದರೆ ಕಾಟ ಕೊಡುತ್ತಿದ್ದದ್ದು ವಿಷವಲ್ಲ, ಒಳಗಿನ ಒತ್ತಡ. ಎರಡು ವರ್ಷಗಳ ನಂತರ ಆಲ್ವಾರೆಜ್ ತಮ್ಮ ಸಂಗಡಿಗರೊಡನೆ ಗಾಜಿನ ಪುಟ್ಟ ಮಣಿಗಳನ್ನು ಆರೋಗ್ಯವಂತರಿಗೆ ನುಂಗಿಸಿ ಎಣಿಸಿದರು. ಒಂದೇ ದಿನ ನುಂಗಿದ ಮಣಿಗಳು ಹಲವು ದಿನಗಳ ಕಾಲ ಹೊರಬರುತ್ತಲೇ ಇದ್ದವು. ಇಂದು ತಿಂದದ್ದು ನಾಳೆ ಪೂರ್ತಿ ಹೊರಗೆ ಎಂಬ ಲೆಕ್ಕವೇ ತಪ್ಪಾಗಿತ್ತು.

ಲೇನರ ಬಗ್ಗೆ ಒಂದು ಮಾತು ಸೇರಿಸದಿದ್ದರೆ ಅನ್ಯಾಯವಾದೀತು. ಮುಂದೆ ಅವರು ಕತ್ತಿ ಕೆಳಗಿಟ್ಟು, 1925ರಲ್ಲಿ 'ನ್ಯೂ ಹೆಲ್ತ್ ಸೊಸೈಟಿ' ಸ್ಥಾಪಿಸಿ, ತೌಡು ತೆಗೆಯದ ಗೋಧಿಯ ರೊಟ್ಟಿ, ಹಣ್ಣು, ತರಕಾರಿ ತಿನ್ನಿರೆಂದು ಬ್ರಿಟನ್ನಿನ ಜನಕ್ಕೆ ಸಾರಿದರು. ಆ ಮಾತು ಕಾಲದ ಪರೀಕ್ಷೆಯಲ್ಲಿ ಗೆದ್ದಿದೆ.

ಪ್ಲಾಸ್ಟಿಕ್ ಚೂರುಗಳು ಮತ್ತು ಆಡಿನ ಹಿಕ್ಕೆ

ಬೀಟ್‌ರೂಟ್ ಪಲ್ಯ ತಿಂದ ಮರುದಿನ ಗಾಬರಿಗೊಂಡವರಿಗೆ ಕರುಳಿನ ಪಯಣ ಅಳೆಯುವ ಹಳೆಯ ವಿಧಾನ ತಾನಾಗಿ ಗೊತ್ತಿರುತ್ತದೆ. ವೈದ್ಯರೂ ಬಹುಕಾಲ ಕಾರ್ಮೈನ್ ಎಂಬ ಕೆಂಪು ಬಣ್ಣ ನುಂಗಿಸಿ, ಅದು ಕಾಣುವವರೆಗೆ ಕಾಯುತ್ತಿದ್ದರು. ಬಣ್ಣ ಮೊದಲು ಕಂಡದ್ದು ಗೊತ್ತಾಗುತ್ತದೆ. ಎಷ್ಟು ಬಂತು, ಎಷ್ಟು ಉಳಿಯಿತು ಎಂಬುದು ಗೊತ್ತಾಗುವುದಿಲ್ಲ. ಎಣಿಸಲು ಮಣಿಯೇ ಬೇಕು, ಮಣಿ ಎಕ್ಸ್‌ರೇಯಲ್ಲಿ ಕಾಣಬೇಕು.

1969ರಲ್ಲಿ ಲಂಡನ್ನಿನ ಹಿಂಟನ್, ಲೆನಾರ್ಡ್-ಜೋನ್ಸ್ ಮತ್ತು ಯಂಗ್ ಇದನ್ನೇ ಮಾಡಿದರು. ಎಕ್ಸ್‌ರೇಯಲ್ಲಿ ಕಾಣುವಂತೆ ಮಾಡಿದ 20 ಪುಟ್ಟ ಪ್ಲಾಸ್ಟಿಕ್ ಚೂರುಗಳನ್ನು ನುಂಗಿಸಿ, ಮಲವನ್ನು ಚೀಲದಲ್ಲಿ ಸಂಗ್ರಹಿಸಿ, ಆ ಚೀಲದ ಎಕ್ಸ್‌ರೇ ತೆಗೆದು ಎಣಿಸಿದರು. ರೋಗಿಗೆ ವಿಕಿರಣದ ಹಂಗಿಲ್ಲ, ಎಣಿಸುವವರಿಗೆ ವಾಸನೆಯ ಹಂಗಿಲ್ಲ. ಅವರು ನೋಡಿದ 25 ಆರೋಗ್ಯವಂತ ಗಂಡಸರಲ್ಲಿ ಮೂರು ದಿನದೊಳಗೆ ಮೊದಲ ಚೂರು ಹೊರಬಿದ್ದಿತ್ತು. ಐದು ದಿನದೊಳಗೆ ಬಹುತೇಕ ಎಲ್ಲರಲ್ಲೂ ನೂರಕ್ಕೆ 80ರಷ್ಟು ಚೂರುಗಳು ಬಂದಿದ್ದವು. ನಿಧಾನವಾದ ಕರುಳು ಎಂಬ ಮಾತಿಗೆ ಕೊನೆಗೂ ಒಂದು ಅಂಕಿ ಸಿಕ್ಕಿತು.

ಈ ಚೂರುಗಳನ್ನು ಖಂಡಾಂತರ ಕೊಂಡೊಯ್ದವರು ಡೆನಿಸ್ ಬರ್ಕಿಟ್. ಐರ್ಲೆಂಡಿನಲ್ಲಿ ಹುಟ್ಟಿ ಉಗಾಂಡದಲ್ಲಿ ಶಸ್ತ್ರವೈದ್ಯರಾಗಿದ್ದ ಇವರ ಹೆಸರು ಮಕ್ಕಳ ಒಂದು ಬಗೆಯ ಕ್ಯಾನ್ಸರಿಗೂ ಇದೆ. ಅಲೆಕ್ ವಾಕರ್, ನೀಲ್ ಪೇಂಟರ್ ಅವರೊಡನೆ 1972ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಅವರು ಬೇರೆ ಬೇರೆ ಊಟದ ಜನರ ಕರುಳಿನ ವೇಗವನ್ನು ಅಕ್ಕಪಕ್ಕ ಇಟ್ಟರು. ಬ್ರಿಟನ್ನಿನ ನೌಕಾಪಡೆಯವರು ಮತ್ತು ಅವರ ಹೆಂಡಂದಿರಲ್ಲಿ ಸರಾಸರಿ ಸುಮಾರು 83 ಗಂಟೆ, ದಿನದ ಮಲ ಸುಮಾರು 104 ಗ್ರಾಂ. ಉಗಾಂಡದ ಹಳ್ಳಿಗರಲ್ಲಿ ಸುಮಾರು 36 ಗಂಟೆ, 470 ಗ್ರಾಂ. ಆ ಪಟ್ಟಿಯಲ್ಲಿ ನಮ್ಮ ಕಡೆಯವರೂ ಇದ್ದಾರೆ: ದಕ್ಷಿಣ ಭಾರತದ 13 ನರ್ಸುಗಳು, ಸುಮಾರು 44 ಗಂಟೆ. ಗುಂಪುಗಳು ಚಿಕ್ಕವು, ಊಟದ ಹೊರತಾಗಿ ಬೇರೆ ವ್ಯತ್ಯಾಸಗಳೂ ಇದ್ದವು. ಆದರೂ ನಾರಿನಂಶದ ಮಹಿಮೆ ಜನಕ್ಕೆ ಮುಟ್ಟಿದ್ದು ಆ ಅಂಕಿಗಳಿಂದ. ಇವತ್ತು ಸೂಪರ್ ಮಾರ್ಕೆಟ್ಟಿನ ರೊಟ್ಟಿಯ ಪೊಟ್ಟಣದ ಮೇಲೆ ನಾರಿನ ಲೆಕ್ಕ ಓದುವಾಗ ಆ ಹಳ್ಳಿಗರನ್ನೂ ಆ ನರ್ಸುಗಳನ್ನೂ ನೆನೆಯುವುದು ನ್ಯಾಯ.

ಎಣಿಕೆ ಇನ್ನೂ ಸುಲಭವಾದದ್ದು 1987ರಲ್ಲಿ, ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ. ಮೂರು ದಿನ, ದಿನಕ್ಕೆ 24 ಚೂರಿನಂತೆ ನುಂಗಿಸಿ, ನಾಲ್ಕನೆಯ ದಿನ ಹೊಟ್ಟೆಯ ಒಂದು ಎಕ್ಸ್‌ರೇ. ದಿನಕ್ಕೆ 24 ಎಂದರೆ ಗಂಟೆಗೊಂದು ಎಂದ ಹಾಗೆ. ಆದ್ದರಿಂದ ಒಳಗೆ ಉಳಿದ ಚೂರುಗಳ ಎಣಿಕೆಯೇ ಗಂಟೆಗಳ ಎಣಿಕೆ. ಮೂವತ್ತೈದು ಚೂರು ಕಂಡರೆ ದೊಡ್ಡ ಕರುಳಿನ ಪಯಣ ಮೂವತ್ತೈದು ಗಂಟೆ; ಅವರು ಕಂಡ ಸರಾಸರಿಯೂ ಹೆಚ್ಚುಕಡಿಮೆ ಅಷ್ಟೇ. ಮುಂದೆ ಗಾಮಾ ಕ್ಯಾಮೆರಾ ಬಂತು. 2006ರಲ್ಲಿ ಆಮ್ಲತೆ, ಒತ್ತಡ, ಉಷ್ಣತೆಗಳನ್ನು ಅಳೆದು ರೇಡಿಯೋ ಮೂಲಕ ಹೊರಗೆ ತಿಳಿಸುವ ಗುಳಿಗೆಗೂ ಅಮೆರಿಕದಲ್ಲಿ ಅನುಮತಿ ಸಿಕ್ಕಿತು.

ಆದರೆ ಅಳತೆಗೋಲೂ ಒಂದು ಊರಿನಲ್ಲಿ ಹುಟ್ಟಿದ್ದೇ ಅಲ್ಲವೇ? ಲಖನೌದ ಸಂಜಯ ಗಾಂಧಿ ಸ್ನಾತಕೋತ್ತರ ವೈದ್ಯಸಂಸ್ಥೆಯಲ್ಲಿ ಉದಯ್ ಘೋಷಾಲ್ ಮತ್ತು ಸಂಗಡಿಗರಿಗೆ ಇದು ಅನುಭವಕ್ಕೆ ಬಂತು. ಭಾರತೀಯರ ಕರುಳು ಚುರುಕು. ಪಶ್ಚಿಮದ ಲೆಕ್ಕದಂತೆ ಮೂರು ದಿನ ಕಾದು ಎಕ್ಸ್‌ರೇ ತೆಗೆದರೆ ಹೆಚ್ಚಿನವರ ಹೊಟ್ಟೆಯಲ್ಲಿ ಎಣಿಸಲು ಏನೂ ಉಳಿದಿರುವುದಿಲ್ಲ. ಆದ್ದರಿಂದ ಅವರು 12 ಗಂಟೆಗೊಮ್ಮೆ ಮೂರು ಸಲ ಚೂರು ನುಂಗಿಸಿ, 36 ಮತ್ತು 60ನೆಯ ಗಂಟೆಗೆ ಎಕ್ಸ್‌ರೇ ತೆಗೆಯುವ ನಮ್ಮದೇ ಪದ್ಧತಿ ರೂಪಿಸಿದರು. ಲಂಡನ್ನಿನಲ್ಲಿ ಸಾವಿರಕ್ಕೂ ಹೆಚ್ಚು ಜನರನ್ನು ಕೇಳಿ 1965ರಲ್ಲಿ ಪ್ರಕಟವಾದ ಸಮೀಕ್ಷೆ, ದಿನಕ್ಕೆ ಮೂರು ಸಲದಿಂದ ವಾರಕ್ಕೆ ಮೂರು ಸಲದವರೆಗೆ ಎಲ್ಲವೂ ಸಹಜ ಎಂದಿತ್ತು. ಜೀವಮಾನವಿಡೀ ದಿನಕ್ಕೊಮ್ಮೆ, ಎರಡು ಸಲ ಹೋಗುತ್ತಿದ್ದವರಿಗೆ ವಾರಕ್ಕೆ ನಾಲ್ಕೇ ಸಲ ಆದರೆ, ಆ ಪಟ್ಟಿಯ ಪ್ರಕಾರ ಅವರು ಆರೋಗ್ಯವಂತರು. ಅವರ ಪ್ರಕಾರ ಅಲ್ಲ.

ಚೂರು, ಎಕ್ಸ್‌ರೇ ಎರಡೂ ಬೇಡದ ಅಳತೆಯೊಂದನ್ನು ಕೊಟ್ಟವರು ಬ್ರಿಸ್ಟಲ್ಲಿನ ಕೆನ್ ಹೀಟನ್ ಮತ್ತು ಸ್ಟೀಫನ್ ಲೂಯಿಸ್. 66 ಸ್ವಯಂಸೇವಕರಿಗೆ ಸೋನಾಮುಖಿ ಕೊಟ್ಟು ಕರುಳನ್ನು ಓಡಿಸಿ, ಲೋಪೆರಮೈಡ್ ಕೊಟ್ಟು ನಿಲ್ಲಿಸಿ, ಪ್ರತಿ ಸಲವೂ ಮಲದ ರೂಪ ಹೇಗಿದೆ ಎಂದು ಬರೆಸಿದರು. 1997ರಲ್ಲಿ ಅವರು ಪ್ರಕಟಿಸಿದ ತೀರ್ಮಾನ ಇದು: ಎಷ್ಟು ಸಲ ಹೋದಿರಿ ಎಂಬುದಕ್ಕಿಂತ ಹೇಗಿತ್ತು ಎಂಬುದೇ ಕರುಳಿನ ವೇಗವನ್ನು ಚೆನ್ನಾಗಿ ಹೇಳುತ್ತದೆ. ಜಗತ್ತಿನ ಆಸ್ಪತ್ರೆಗಳಲ್ಲಿ ಇಂದು ಕಾಣುವ ಏಳು ಚಿತ್ರಗಳ ಬ್ರಿಸ್ಟಲ್ ಪಟ್ಟಿ ಅದೇ. ಒಂದನೆಯದು ಬಿಡಿಬಿಡಿ ಗಟ್ಟಿ ಉಂಡೆ, ಏಳನೆಯದು ನೀರು. ಒಂದನೆಯದನ್ನು ಕಂಡರೆ ನಮ್ಮ ಹಳ್ಳಿಯ ಯಾರೇ ಆಗಲಿ ಆಡಿನ ಹಿಕ್ಕೆ ಎಂದು ಥಟ್ಟನೆ ಹೇಳಿಯಾರು. ಅದೇ ಹೀಟನ್ ಪೂರ್ವ ಬ್ರಿಸ್ಟಲ್ಲಿನಲ್ಲಿ ಮನೆಮನೆಯವರಿಂದ ದಿನಚರಿ ಬರೆಸಿ 1992ರಲ್ಲಿ ಇನ್ನೊಂದನ್ನು ತೋರಿಸಿದ್ದರು: ನಿಯಮಿತವಾಗಿ ದಿನಕ್ಕೊಮ್ಮೆ ಹೋಗುವವರು ಗಂಡಸರಲ್ಲಿ ನೂರಕ್ಕೆ 40, ಹೆಂಗಸರಲ್ಲಿ 33 ಮಾತ್ರ. ಸಹಜ ಎಂದು ಎಲ್ಲರೂ ನಂಬಿದ್ದು ಅಲ್ಪಸಂಖ್ಯಾತರ ಅಭ್ಯಾಸವಾಗಿತ್ತು.

ತೀರ ಈಚೆಗೆ, 2021ರಲ್ಲಿ, ಕಿಂಗ್ಸ್ ಕಾಲೇಜಿನವರೂ ಸೇರಿದ್ದ ತಂಡವೊಂದು 863 ಜನಕ್ಕೆ ನೀಲಿ ಬಣ್ಣದ ಮಫಿನ್ ತಿನ್ನಿಸಿ, ನೀಲಿ ಕಂಡ ಹೊತ್ತನ್ನು ಬರೆಸಿತು. ಮಧ್ಯದ ಅಂಕಿ ಸುಮಾರು 29 ಗಂಟೆ. ಕಾರ್ಮೈನ್ ಕಾಲದಿಂದ ಹೊರಟವರು ಸುತ್ತಿ ಬಳಸಿ ಮತ್ತೆ ಬಣ್ಣಕ್ಕೇ ಬಂದರು.

ಮಾತ್ರೆಗಳ ಪರೀಕ್ಷೆ

ಅಳತೆ ಬಂದ ಮೇಲೆ ಔಷಧಗಳನ್ನು ಪರೀಕ್ಷಿಸಲು ದಾರಿಯಾಯಿತು. ಪರೀಕ್ಷೆ ಇಲ್ಲದಿದ್ದಾಗ ಏನಾಗುತ್ತಿತ್ತು ಎಂಬುದಕ್ಕೆ ಫಿನಾಲ್ಫ್ತಲೀನ್ ಸಾಕ್ಷಿ. ಹೌದು, ಹೈಸ್ಕೂಲಿನ ರಸಾಯನಶಾಸ್ತ್ರದಲ್ಲಿ ಕ್ಷಾರಕ್ಕೆ ಹಾಕಿದರೆ ಗುಲಾಬಿಯಾಗುತ್ತಿದ್ದದ್ದೇ. 1900ರ ಸುಮಾರಿಗೆ ಹಂಗೆರಿಯಲ್ಲಿ ಅಗ್ಗದ ದ್ರಾಕ್ಷಾರಸವನ್ನು ಗುರುತಿಸಲು ಅದನ್ನು ಬೆರೆಸುವ ಏರ್ಪಾಡಾಯಿತು. ಅದರ ಗುಣ ಪರೀಕ್ಷಿಸಿದ ಝೋಲ್ಟಾನ್ ವಾಮೋಶಿ ಅವರಿಂದ ಅದು ಭೇದಿಯ ಮದ್ದೆಂದು ಗೊತ್ತಾಯಿತು. 1906ರಲ್ಲಿ ಹಂಗೆರಿಯಿಂದ ಅಮೆರಿಕಕ್ಕೆ ಹೋದ ಮ್ಯಾಕ್ಸ್ ಕಿಸ್ ಅದನ್ನು ಚಾಕಲೇಟಿನಲ್ಲಿ ಬೆರೆಸಿ 'ಎಕ್ಸ್-ಲ್ಯಾಕ್ಸ್' ಎಂದು ಮಾರಿದರು. ತಲೆಮಾರುಗಳು ಅದನ್ನು ತಿಂದವು. ಇಲಿ ಹೆಗ್ಗಣಗಳಲ್ಲಿ ಕ್ಯಾನ್ಸರ್ ತರುತ್ತದೆ ಎಂದು ತಿಳಿದು ಅಮೆರಿಕ ಸರ್ಕಾರ ಅದನ್ನು ಅಂಗಡಿಯಿಂದ ಹೊರಹಾಕಿದ್ದು 1990ರ ದಶಕದ ಕೊನೆಯಲ್ಲಿ.

ಹೊಸ ಕಾಲದ ಔಷಧಗಳು ಕರುಳಿನ ನರಗಳನ್ನೇ ಚುರುಕುಗೊಳಿಸಲು ಹೊರಟವು. ಸಿಸಪ್ರೈಡ್ ಎಂಬುದು ಹೃದಯದ ಬಡಿತದ ಲಯ ಕೆಡಿಸುತ್ತದೆಂದು 2000ದಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಸರಿಯಿತು. ಟೆಗಾಸೆರಾಡ್ ಎಂಬುದಕ್ಕೆ ಅಲ್ಲಿ ದೀರ್ಘಕಾಲದ ಮಲಬದ್ಧತೆಗೆಂದು 2004ರಲ್ಲಿ ಅನುಮತಿ ಸಿಕ್ಕಿತು. ಒಂದೊಂದು ಪರೀಕ್ಷೆಯಲ್ಲಿ ಯಾವ ದೋಷವೂ ಎದ್ದು ಕಾಣಲಿಲ್ಲ. 29 ಪರೀಕ್ಷೆಗಳನ್ನು ಒಟ್ಟಿಗೆ ಹಾಕಿ ಎಣಿಸಿದಾಗ, ಔಷಧ ತೆಗೆದುಕೊಂಡ 11,614 ಜನರಲ್ಲಿ 13 ಮಂದಿಗೆ, ಹುಸಿ ಮಾತ್ರೆ ತೆಗೆದುಕೊಂಡ 7,031 ಜನರಲ್ಲಿ ಒಬ್ಬರಿಗೆ ಮಾತ್ರ ಹೃದಯಾಘಾತ, ಪಾರ್ಶ್ವವಾಯುವಿನಂಥ ತೊಂದರೆಗಳಾಗಿದ್ದವು. 2007ರ ಮಾರ್ಚಿನಲ್ಲಿ ಮಾರಾಟ ನಿಂತಿತು. ಸಾವಿರಕ್ಕೊಬ್ಬರಿಗೆ ಆಗುವ ಅಪಾಯ ಕೆಲವು ನೂರು ಜನರ ಪರೀಕ್ಷೆಯಲ್ಲಿ ಕಣ್ಣಿಗೆ ಬೀಳುವುದಿಲ್ಲ. ಜೀವ ತೆಗೆಯದ ಕಾಯಿಲೆಗೆ ಜೀವ ತೆಗೆಯಬಹುದಾದ ಮದ್ದು ಎಷ್ಟರಮಟ್ಟಿಗೆ ಸರಿ? ಆ ಪ್ರಶ್ನೆ ಅಂದಿನಿಂದ ಎಲ್ಲ ಪರೀಕ್ಷೆಗಳ ಬೆನ್ನಿಗೂ ಬಿದ್ದಿದೆ.

ಇದರ ಜೊತೆಗೇ ಇನ್ನೊಂದು ಮುಖ್ಯ ಬದಲಾವಣೆಯೂ ನಡೆದಿತ್ತು. ಔಷಧ ಗೆದ್ದಿತು ಎನ್ನಲು ಏನನ್ನು ಎಣಿಸಬೇಕು? ಕರುಳು ವೇಗವಾಯಿತೆಂದು ಕ್ಯಾಮೆರಾ ಹೇಳಿದರೆ ಸಾಕೇ? ಸಾಲದು ಎಂದರು ಪರೀಕ್ಷೆ ನಡೆಸಿದವರು. ಹಿಂದಿನ 24 ಗಂಟೆಯಲ್ಲಿ ಬೇರೆ ಭೇದಿಮದ್ದು ತೆಗೆದುಕೊಳ್ಳದೆ ತಾನಾಗಿ ಆಗಿರಬೇಕು. ಆದವರಿಗೆ 'ಪೂರ್ತಿ ಆಯಿತು' ಅನ್ನಿಸಿರಬೇಕು. ಅಂಥದ್ದು ವಾರಕ್ಕೆ ಮೂರು ಆದರೆ ಗೆಲುವು. 'ಪೂರ್ತಿ ಆಯಿತು' ಎಂಬುದನ್ನು ಯಾವ ಯಂತ್ರವೂ ಅಳೆಯಲಾರದು. ಅದನ್ನು ರೋಗಿಯೇ ದಿನಚರಿಯಲ್ಲಿ ಬರೆಯಬೇಕು. ಲೇನರ ಕಾಲದಲ್ಲಿ ಯಾರೂ ಸರಿಯಾಗಿ ಕೇಳಿಸಿಕೊಳ್ಳದ ಆ ಮಾತು ಈಗ ಪರೀಕ್ಷೆಯ ಮುಖ್ಯ ಅಂಕಿಯಾಯಿತು.

ಹೀಗೆ ಎಣಿಸಿದಾಗ ಔಷಧಗಳ ಬೆಲೆ ತಿಳಿಯಿತು. ಪ್ರುಕಾಲೊಪ್ರೈಡ್ ಬಗ್ಗೆ 2008ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ತೀವ್ರ ಮಲಬದ್ಧತೆಯ 620 ಜನರಿದ್ದರು, ಹೆಚ್ಚಿನವರು ಹೆಂಗಸರು. ಹನ್ನೆರಡು ವಾರ 2 ಮಿಲಿಗ್ರಾಂ ತೆಗೆದುಕೊಂಡವರಲ್ಲಿ ನೂರಕ್ಕೆ 31 ಜನ ಆ ಗೆಲುವು ಕಂಡರು. ಹುಸಿ ಮಾತ್ರೆಯವರಲ್ಲಿ 12. ಅರ್ಥ, ನೂರಕ್ಕೆ ಸುಮಾರು 19 ಜನರಿಗೆ ಅದು ನಿಜವಾದ ಲಾಭ. ಉಳಿದವರಿಗೆ ಈ ಅಳತೆಯಲ್ಲಿ ಹೆಚ್ಚಿನ ಪ್ರಯೋಜನವಿಲ್ಲ. ಹಿಂದಿನವರ ಹೃದಯದ ಕತೆ ತಿಳಿದಿದ್ದರಿಂದ ಎಲ್ಲರೂ ಎಚ್ಚರದಿಂದ ನಡೆದರು: ಯೂರೋಪಿನಲ್ಲಿ ಅನುಮತಿ 2009ರಲ್ಲಿ, ಅಮೆರಿಕದಲ್ಲಿ 2018ರಲ್ಲಿ. 2012ರಲ್ಲಿ ಬಂದ ಲಿನಾಕ್ಲೋಟೈಡಿನ ಕತೆ ನಮ್ಮಂಥ ಪ್ರವಾಸಿಗಳಿಗೆ ಹತ್ತಿರದ್ದು. ರಜೆಗೆ ಊರಿಗೆ ಹೋದಾಗ ಪಾನಿಪುರಿ ತಿಂದು ಮೂರು ದಿನ ಮಲಗಿದವರ ಹೊಟ್ಟೆಯಲ್ಲಿ ಒಂದು ಬಗೆಯ ಇ. ಕೋಲಿ ಬ್ಯಾಕ್ಟೀರಿಯಾ ಸುರಿಸುವ ವಿಷ ಕರುಳಿನ ಯಾವ ಬೀಗವನ್ನು ತೆರೆಯುತ್ತದೆಯೋ, ಅದೇ ಬೀಗವನ್ನು ಈ ಔಷಧ ಹದವಾಗಿ ತೆರೆಯುತ್ತದೆ.

ಗೇಟಿನ ಕತೆ

ಇಸಬ್‌ಗೋಲಿನ ಡಬ್ಬಿಗೆ ಮರಳೋಣ. 1997ರಲ್ಲಿ ಜರ್ಮನಿಯಿಂದ ಬಂದ ವರದಿಯೊಂದರಲ್ಲಿ ಬಹುಕಾಲದಿಂದ ಮಲಬದ್ಧತೆ ಇದ್ದ 149 ಜನಕ್ಕೆ ಕನಿಷ್ಠ ಆರು ವಾರ ಕೊಟ್ಟದ್ದು ಇದೇ ಇಸಬ್‌ಗೋಲ್ ಬೀಜ. ಕರುಳಿನ ವೇಗವನ್ನೂ ಗೇಟಿನ ಕೆಲಸವನ್ನೂ ಅಳೆದು ನೋಡಿದಾಗ ಚಿತ್ರ ಸ್ಪಷ್ಟವಾಯಿತು. ಯಾವ ದೋಷವೂ ಕಾಣದವರಲ್ಲಿ ನೂರಕ್ಕೆ 85 ಜನ ಸುಧಾರಿಸಿದರು. ನಿಧಾನಗತಿಯವರಲ್ಲಿ 80 ಜನಕ್ಕೆ, ಗೇಟಿನ ತೊಂದರೆಯವರಲ್ಲಿ 63 ಜನಕ್ಕೆ ಅದರಿಂದ ಏನೂ ಆಗಲಿಲ್ಲ. ಒಬ್ಬರಿಗೆ ಅಮೃತವಾದದ್ದು ಇನ್ನೊಬ್ಬರಿಗೆ ಬರೀ ಹೊಟ್ಟೆಯುಬ್ಬರ ಏಕೆ ಎಂಬುದಕ್ಕೆ ಉತ್ತರ ಇಲ್ಲಿದೆ. "ಸರಿಯಾಗಿ ತಗೊಳ್ತಿಲ್ಲ ನೀವು" ಎಂದು ಹಿರಿಯರನ್ನು ಗದರುವ ಮುನ್ನ ಈ ಅಂಕಿಗಳನ್ನು ನೆನೆಯಬೇಕು.

ಹಾಗಾದರೆ ಗೇಟಿನವರಿಗೆ ಏನು ಮದ್ದು? ಒತ್ತುವಾಗ ಸಡಿಲವಾಗಬೇಕಾದ ಸ್ನಾಯು ಬಿಗಿಯಾಗುವುದೇ ಹಲವರ ಕಷ್ಟ. ತೆರೆಯ ಮೇಲೆ ಆ ಸ್ನಾಯುವಿನ ಆಟವನ್ನು ತೋರಿಸಿ, ಸಡಿಲಿಸುವುದನ್ನು ಅಭ್ಯಾಸ ಮಾಡಿಸುವ ಪಾಠ ಒಂದುಂಟು. ಇಟಲಿಯ ಕಿಯಾರಿಯೋನಿ ಮತ್ತು ಸಂಗಡಿಗರು 2006ರಲ್ಲಿ ಇಂಥ 109 ಜನರನ್ನು ಎರಡು ಗುಂಪು ಮಾಡಿದರು. ಆರು ತಿಂಗಳ ನಂತರ ಪಾಠ ಕಲಿತವರಲ್ಲಿ ನೂರಕ್ಕೆ 80 ಜನ, ಭೇದಿಪುಡಿ ಕುಡಿದವರಲ್ಲಿ 22 ಜನ ಚೆನ್ನಾಗಿ ಸುಧಾರಿಸಿದ್ದರು. ಹರ್ಸ್ಟ್ 1909ರಲ್ಲಿ ಮಾಡಿದ ಭೇದ ತೊಂಬತ್ತೇಳು ವರ್ಷಗಳ ಮೇಲೆ ಹೀಗೆ ಫಲ ಕೊಟ್ಟಿತು.

ಆದರೆ ಯಾರದು ನಿಧಾನದ ಕರುಳು, ಯಾರದು ಗೇಟಿನ ತೊಂದರೆ ಎಂಬ ವಿಚಾರಣೆ ಶುರುವಾಗುವುದು ರೋಗಿಯ ಮಾತಿನಿಂದಲೇ. ಇಲ್ಲಿ ಬರುತ್ತದೆ ನಮ್ಮ ಪಾತ್ರ. ಇಂಗ್ಲಿಷ್ ಬಾರದ ಅಪ್ಪ ಅಮ್ಮಂದಿರನ್ನು, ಅತ್ತೆ ಮಾವಂದಿರನ್ನು ಇಲ್ಲಿನ ಡಾಕ್ಟರ ಬಳಿ ಕರೆದೊಯ್ಯುವವರು ನಾವು. ಅವರ ಮಾತಿಗೆ ದುಭಾಷಿಗಳೂ ನಾವೇ. ಅಮ್ಮ "ಹೋದ್ರೂ ಹೋದ ಹಾಗೆ ಅನ್ಸಲ್ಲ" ಎನ್ನುತ್ತಾರೆ. ನಾಚಿಕೆಯಿಂದ ನಾವು ಅದನ್ನು 'ಕಾನ್‌ಸ್ಟಿಪೇಶನ್' ಎಂಬ ಒಂದೇ ಪದಕ್ಕೆ ಇಳಿಸಿ ಕೈತೊಳೆದುಕೊಳ್ಳುತ್ತೇವೆ. ಸೊಸೆಯಂದಿರ ಮುಂದೆ ಹೇಳಲಾರದೆ, ಮಗನ ಮುಂದೆ ಹೇಳಲಾರದೆ ಎಷ್ಟೋ ಹೆಂಗಸರು ಸುಮ್ಮನಾಗುತ್ತಾರೆ. ಗಟ್ಟಿಯಾಗಿದೆಯೇ, ತಿಣುಕಬೇಕೇ, ಪೂರ್ತಿ ಆಗುವುದಿಲ್ಲವೇ, ಬಾಗಿಲಲ್ಲೇ ನಿಂತಂತೆ ಅನ್ನಿಸುತ್ತದೆಯೇ, ಮೊದಲು ಹೇಗಿತ್ತು, ಎಂದಿನಿಂದ ಬದಲಾಯಿತು? ಈ ಪ್ರಶ್ನೆಗಳ ಉತ್ತರಗಳು ಬೇರೆ ಬೇರೆ ದಾರಿಗೆ ಒಯ್ಯುತ್ತವೆ. ರಕ್ತ ಹೋಗುವುದು, ತೂಕ ಇಳಿಯುವುದು, ವಯಸ್ಸಾದ ಮೇಲೆ ಅಭ್ಯಾಸ ಇದ್ದಕ್ಕಿದ್ದಂತೆ ಬದಲಾಗುವುದು ಇದ್ದರಂತೂ ಮುಚ್ಚಿಡುವ ಮಾತೇ ಇಲ್ಲ.

ನಮ್ಮ ಬಳಗದಲ್ಲಿ ವೈದ್ಯರಿದ್ದಾರೆ, ಮೈಸೂರು, ಧಾರವಾಡ, ಮಂಗಳೂರು, ಕಲಬುರಗಿ ಕಡೆಯವರೆಲ್ಲ ಇದ್ದಾರೆ. ಈ ತೊಂದರೆಗಳನ್ನು ನಿಮ್ಮ ಊರಿನ ಕಡೆ, ನಿಮ್ಮ ಅಜ್ಜಿ ತಾತಂದಿರ ಬಾಯಲ್ಲಿ, ಯಾವ ಮಾತಿನಲ್ಲಿ ಹೇಳುತ್ತಾರೆ ಎಂದು ಬರೆದು ಕಳಿಸಿ. ಎಲ್ಲವನ್ನೂ ಒಂದೆಡೆ ಜೋಡಿಸಿ, ಪಕ್ಕದಲ್ಲಿ ಸರಿಯಾದ ಇಂಗ್ಲಿಷ್ ಅರ್ಥ ಬರೆದು, ಮುಂದಿನ ಓಲೆಯಲ್ಲಿ ಹಂಚುವ ಆಸೆ ನಮಗಿದೆ. ಯಾರಾದರೂ ಒಬ್ಬರು ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಅಮ್ಮನ ಜೊತೆ ಡಾಕ್ಟರ ಬಳಿ ಹೋದರೆ ಸಾಕು.